ಕೈಯಾರೆ ಕಟ್ಟಿದ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನ ನೆಟ್ಟಗೆ ಹಾರದಿದ್ದರೆ: ನಾನು ಹಿಡಿಯುವ ದಾರಿ

ಬಾಲ್ಸಾ ಕಟ್ಟಿಗೆಯ ವಿಮಾನ ಒಂದು ಕಡೆ ವಾಲಿದರೆ ಬಹಳ ಜನ ಮೊದಲು ಕೈ ಹಾಕುವುದು ಟ್ರಾನ್ಸ್‌ಮಿಟರಿನ ಟ್ರಿಮ್‌ಗೆ, ಅಂದರೆ ವಿಮಾನದ ಚಾಲನಾ ಪಟ್ಟಿಗಳನ್ನು ತುಸು ಸರಿಸಿಡುವ ಗುಂಡಿಗೆ. ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. ತಿರುಚಿದ ರೆಕ್ಕೆಯನ್ನು ಟ್ರಿಮ್ ಕೊಟ್ಟು ನೆಟ್ಟಗೆ ಹಾರಿಸಬಹುದು ನಿಜ, ಆದರೆ ಇಳಿಸುವಾಗ ವೇಗ ತಗ್ಗಿದೊಡನೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ವಿಮಾನ ಮಗುಚುತ್ತದೆ.

ಇಲ್ಲಿನ ಅಳತೆಗಳು 1400 ಮಿ.ಮೀ. ಉದ್ದ, 220 ಮಿ.ಮೀ. ಅಗಲದ ರೆಕ್ಕೆ ಮೇಲಿರುವ, 1.2 ಕೆ.ಜಿ. ತೂಕದ ಟ್ರೈನರ್‌ಗೆ, ಅಂದರೆ ಕಲಿಯುವವರ ವಿಮಾನಕ್ಕೆ.

ಬ್ಯಾಟರಿ ಕೂರಿಸಿಯೇ ಸಿ.ಜಿ. (ತೂಕ ಸಮತೂಗುವ ಬಿಂದು) ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ 55ರಿಂದ 66 ಮಿ.ಮೀ. ಹಿಂದೆ, ರೆಕ್ಕೆಯ ಅಡಿಗೆ ಎರಡು ಬೆರಳಿಟ್ಟು ಎತ್ತಿದರೆ ಮೂತಿ ತುಸುವೇ ಕೆಳಗಾಗಬೇಕು. ತೂಕ ಸೇರಿಸುವ ಮೊದಲು ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ. ಬಳಿಕ ಮೂತಿ, ಬಾಲ ಹಿಡಿದು ಎತ್ತಿ. ಯಾವ ರೆಕ್ಕೆ ಇಳಿಯುತ್ತದೋ ಅದರ ಎದುರು ತುದಿಯಲ್ಲಿ ಒಂದು ಸಣ್ಣ ಮೊಳೆ ಸಾಕು.

ನಮ್ಮ ಭಾಗದಲ್ಲಿ ನಿಜವಾದ ಕಾಟ ರೆಕ್ಕೆಯ ತಿರುಚು. ಕಲಬುರಗಿ, ಯಾದಗಿರಿಯ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ರೆಕ್ಕೆ ಇಟ್ಟರೆ ಹೊದಿಸಿದ ಫಿಲ್ಮ್ (ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಹಾಳೆ) ಒಂದು ಮೈ ಬಿಗಿದು, ಇನ್ನೊಂದು ಮೈ ಸಡಿಲಾಗುತ್ತದೆ. ಕಡುಬಣ್ಣದ ಫಿಲ್ಮ್‌ನಲ್ಲಿ ಇದು ಇನ್ನೂ ಹೆಚ್ಚು. ಬೆಳಿಗ್ಗೆ ಸರಿಯಿದ್ದ ವಿಮಾನ ಸಂಜೆಗೆ ಎಡಕ್ಕೆ ಎಳೆಯಲು ಸಾಮಾನ್ಯವಾಗಿ ಇದೇ ಕಾರಣ. ಪಾಲಿಶ್ ಮಾಡಿದ ಶಹಾಬಾದ ಫರಸಿಯ ಮೇಲೆ ಸ್ಕೇಲ್ ಇಟ್ಟು ಸಮ ನೋಡಿಕೊಂಡು ರೆಕ್ಕೆ ಮಲಗಿಸಿ. ಎರಡೂ ತುದಿಯ ಹಿಂದಂಚು ಸುಮಾರು 4 ಮಿ.ಮೀ. ಮೇಲೆದ್ದಿದ್ದರೆ ಅದು ಒಂದು ಡಿಗ್ರಿ ವಾಶ್‌ಔಟ್ (ತುದಿ ಕೊನೆಗೆ ಸ್ಟಾಲ್ ಆಗಲೆಂದು ಕೊಡುವ ತಿರುಚು), ಒಳ್ಳೆಯದೇ. ಎಡ ಬಲಗಳಲ್ಲಿ ವ್ಯತ್ಯಾಸವಿದ್ದರೆ ಮಾತ್ರ ತೊಂದರೆ. ಆಗ ರೆಕ್ಕೆಯನ್ನು ಎದುರು ದಿಕ್ಕಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ತಿರುಚಿ ಹಿಡಿದು, ಎರಡೂ ಮೈಗೆ ಇಸ್ತ್ರಿಯ ಶಾಖ ಕೊಟ್ಟು, ಪೂರ್ತಿ ಆರುವವರೆಗೂ ಬಿಡಬಾರದು. ಇದಕ್ಕೆ ಎರಡು ಜೊತೆ ಕೈ ಬೇಕು.

ಹಾರಾಟದ ಪರೀಕ್ಷೆ ಬೆಳಿಗ್ಗೆ ಎಂಟರೊಳಗೆ. ಬಿಸಿಲೇರಿದ ಮೇಲೆ ಎರೆಹೊಲದಿಂದ ಏಳುವ ಬಿಸಿಗಾಳಿಯಲ್ಲಿ ದೋಷ ವಿಮಾನದ್ದೋ ಗಾಳಿಯದ್ದೋ ತಿಳಿಯುವುದಿಲ್ಲ. 15 ಡಿಗ್ರಿಗಿಂತ 42 ಡಿಗ್ರಿಯಲ್ಲಿ ಗಾಳಿ ಶೇ. 8ರಿಂದ 9ರಷ್ಟು ತೆಳು, ಸ್ಟಾಲ್ ವೇಗವೂ ಶೇ. 4ರಿಂದ 5 ಹೆಚ್ಚು.

ಎತ್ತರದಲ್ಲಿ ಅರ್ಧ ಥ್ರಾಟಲ್‌ಗೆ (ಮೋಟಾರಿನ ಅರ್ಧ ಶಕ್ತಿಗೆ) ಸಮ ಹಾರಿಸಿ, ಥ್ರಾಟಲ್ ಇಳಿಸಿ, 30 ಡಿಗ್ರಿ ಮೂತಿ ಬಗ್ಗಿಸಿ ಸ್ಟಿಕ್ ಬಿಡಿ. ಮೆಲ್ಲಗೆ ಏಳಬೇಕು. ಸರ್ರನೆ ಎದ್ದರೆ ಸಿ.ಜಿ. ಮುಂದಾಗಿದೆ, ಇನ್ನೂ ಕೆಳಗೇ ಹೋದರೆ ಹಿಂದಾಗಿದೆ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬದಲಿಸುವುದಿಲ್ಲ.

ಥ್ರಾಟಲ್ ಕೊಟ್ಟಾಗಷ್ಟೇ ಮೂತಿ ಜಿಗಿದರೆ ಮೋಟಾರಿನ ಕೋನ ನೋಡಿ. ಮೇಲಿನ ಬೋಲ್ಟುಗಳ ಹಿಂದೆ 1 ಮಿ.ಮೀ. ವಾಷರ್ ಹಾಕಿ, ಬೋಲ್ಟುಗಳ ನಡುವೆ 30 ಮಿ.ಮೀ. ಅಂತರವಿದ್ದರೆ ಹತ್ತಿರ ಎರಡು ಡಿಗ್ರಿ ಕೆಳಗೆ ಬಾಗುತ್ತದೆ. ಎಡಕ್ಕೆ ಎಳೆದರೆ ವಾಷರ್ ಎಡದ ಬೋಲ್ಟುಗಳಿಗೆ.

ತಿರುಗಿಸುವಾಗ ಮೂತಿ ಎದುರು ದಿಕ್ಕಿಗೆ ಹೋದರೆ ಐಲೆರಾನ್ (ರೆಕ್ಕೆಯ ಹಿಂದಂಚಿನ ಪಟ್ಟಿ) ಮೇಲೆ 12, ಕೆಳಗೆ 6 ಮಿ.ಮೀ. ಚಲಿಸುವಂತೆ ಹೊಂದಿಸಿ. ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಪಟ್ಟಿ) ಅತಿಯಾಗಿ ಚುರುಕಾಗಿದ್ದರೆ, ಪಟ್ಟಿಯನ್ನು ತಳ್ಳುವ ಸರಳಾದ ಪುಶ್‌ರಾಡನ್ನು ಸರ್ವೊ (ಅದನ್ನು ಆಡಿಸುವ ಪುಟ್ಟ ಮೋಟಾರು) ತೋಳಿನ ಒಳ ತೂತಿಗೆ ತನ್ನಿ. ಟ್ರಾನ್ಸ್‌ಮಿಟರಿನಲ್ಲೇ ಕಡಿಮೆ ಮಾಡಿದರೆ ಸರ್ವೊದ ನಿಖರತೆ ಹಾಳು.

ಜಾಗದ ವಿಚಾರ: ಬೀದರಿನಲ್ಲಿ ವಾಯುನೆಲೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇರುವುದರಿಂದ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ತೊಗರಿ ಕೊಯ್ದ ಹೊಲ ಖಾಲಿ ಕಂಡರೂ ಕೂಳೆ ಫಿಲ್ಮ್ ಹರಿಯುತ್ತದೆ, ಪ್ರೊಪೆಲ್ಲರ್ ಮುರಿಯುತ್ತದೆ. ಬಿರುಕಿಲ್ಲದ ಗಟ್ಟಿ ನೆಲ ಹುಡುಕಿ.

ವೇಗದಲ್ಲಿ ಝೇಂಕಾರ ಕೇಳಿದರೆ ಅದು ಫ್ಲಟರ್, ಅಂದರೆ ಚಾಲನಾ ಪಟ್ಟಿ ಗಾಳಿಗೆ ಪಟಪಟನೆ ನಡುಗುವುದು. ತಕ್ಷಣ ಥ್ರಾಟಲ್ ಮುಚ್ಚಿ, ಮೂತಿ ಮೆಲ್ಲಗೆ ಎತ್ತಿ ವೇಗ ತಗ್ಗಿಸಿ, ಇಳಿಸಿ. ಹಿಂಜ್, ಕ್ಲೆವಿಸ್ (ಪುಶ್‌ರಾಡ್ ತುದಿಯ ಕೊಂಡಿ), ಸರ್ವೊ ಸ್ಕ್ರೂಗಳಲ್ಲಿ ಸಾಮಾನ್ಯವಾಗಿ ಒಂದಾದರೂ ಸಡಿಲಾಗಿರುತ್ತದೆ. ಅದನ್ನು ಬಿಗಿ ಮಾಡಿ, ಹಿಂಜ್‌ನ ಸಂದಿಗೆ ಪಾರದರ್ಶಕ ಟೇಪ್ ಅಂಟಿಸಿದ ಮೇಲೆಯೇ ಮತ್ತೆ ಏರಿಸಿ.