‘ಚೆನ್ನಾಗಿದೆ ಮಗ’ ಅಂದರೆ ನಂಬಬೇಡಿ: ಊರುಗೋಲಿನ ಬಗ್ಗೆ ಹಿರಿಯರ ನಿಜವಾದ ಅಭಿಪ್ರಾಯ ತಿಳಿಯುವುದು ಹೇಗೆ

ಮೊದಲ ಸಲ ನಾನು ಮಾಡಿದ ಊರುಗೋಲು ಹಿಡಿದು ಒಂದು ಮನೆಗೆ ಹೋದಾಗ, ಅಲ್ಲಿನ ಅಜ್ಜಿ ಅದನ್ನು ಮುಟ್ಟುವ ಮೊದಲೇ "ಚೆನ್ನಾಗಿದೆ ಮಗ, ಕಾಫಿ ಕುಡಿ" ಅಂದರು. ನಾನು ಪೆದ್ದನ ಹಾಗೆ ಅದನ್ನೇ ಬರೆದುಕೊಂಡು ಬಂದೆ. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಕೋಲು ಬಾಗಿಲ ಹಿಂದೆ ನಿಂತಿದೆ, ಅದರ ಮೇಲೊಂದು ಒದ್ದೆ ಟವೆಲ್. ಅಜ್ಜಿ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದಾರೆ.

ಮನೆಗೆ ಬಂದ ಹುಡುಗನ ಮುಖ ಸಣ್ಣದಾಗಬಾರದು ಅಂತ ಹಿರಿಯರು ಹಾಗೆ ಹೇಳುತ್ತಾರೆ. ಹಾಗಾಗಿ "ಹೇಗಿದೆ?" ಅಂತ ಕೇಳಲೇಬೇಡಿ. ಎರಡು ಕೋಲು ತೆಗೆದುಕೊಂಡು ಹೋಗಿ. ಒಂದಕ್ಕೆ ದಪ್ಪ ಹಿಡಿ, ಇನ್ನೊಂದಕ್ಕೆ ತೆಳು ಹಿಡಿ. "ಇದರಲ್ಲಿ ಯಾವುದನ್ನು ವಾಪಸ್ ಒಯ್ಯಲಿ?" ಅಂತ ಕೇಳಿ. ಒಂದನ್ನು ಬೇಡ ಅನ್ನಲೇಬೇಕಾದಾಗ ಬಾಯಿ ತಾನಾಗಿ ಬಿಚ್ಚುತ್ತದೆ. ಮತ್ತೆ, ಇದನ್ನು ಮಾಡಿದ್ದು ನೀವೇ ಅಂತ ಹೇಳಬೇಡಿ. "ಅಂಗಡಿಯಿಂದ ತಂದೆ, ಸರಿ ಇಲ್ಲದಿದ್ದರೆ ಹಿಂದಕ್ಕೆ ಕೊಡಬೇಕು" ಅಂತ ಸುಳ್ಳು ಹೇಳಿ ಅಂತಲೂ ನಾನು ಹೇಳ್ತಿಲ್ಲ. ಸುಮ್ನೆ ಇದ್ದರೆ ಸಾಕು.

ಒಂದರಿಂದ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ ಅನ್ನೋ ಪ್ರಶ್ನೆ ನನ್ನ ಅನುಭವದಲ್ಲಿ ಒಂದು ಸಲವೂ ಕೆಲಸ ಮಾಡಿಲ್ಲ, ಎಲ್ಲರೂ ಹತ್ತೇ ಕೊಟ್ಟರು. ಅದರ ಬದಲು ಹತ್ತು ಹುಣಸೆ ಬೀಜ ಕೈಗೆ ಕೊಟ್ಟು ಎರಡೂ ಕೋಲಿನ ಮುಂದೆ ಹಂಚಿ ಅನ್ನಿ. ಚೌಕಾಬಾರ ಆಡಿದ ಕೈಗಳಿಗೆ ಇದು ಆಟದ ಹಾಗೆ. ಎಂಟು ಈ ಕಡೆ, ಎರಡು ಆ ಕಡೆ ಬಿದ್ದರೆ ಆಮೇಲೆ "ಆ ಎರಡು ಯಾಕೆ?" ಅಂತ ಕೇಳಿ.

ಇದಕ್ಕೆಲ್ಲ ಮೊದಲು ಮಾಡಬೇಕಾದ ಒಂದು ಕೆಲಸ ಇದೆ, ಬಹಳ ಜನ ಮರೆಯುತ್ತಾರೆ: ಎತ್ತರ. ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿಸಿ, ಬರಿಗಾಲಾದರೆ ಬರಿಗಾಲಲ್ಲೇ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಇರಬೇಕು, ಆದರೆ ಬಲಗೈ ರೂಢಿ ಅಂತ ಬಲಮಂಡಿ ನೋವಿದ್ದವರೂ ಬಲಗೈಯಲ್ಲೇ ಹಿಡಿಯುತ್ತಾರೆ. ಇದನ್ನು ಸರಿ ಮಾಡದೆ ಅಭಿಪ್ರಾಯ ಕೇಳಿದರೆ, "ಭುಜ ಎಳೆಯುತ್ತೆ" ಅನ್ನೋ ದೂರು ನಿಮ್ಮ ವಿನ್ಯಾಸದ್ದೋ ಎತ್ತರದ್ದೋ ಗೊತ್ತಾಗುವುದೇ ಇಲ್ಲ.

ಆಮೇಲೆ ಮಾತು ಕಡಿಮೆ ಮಾಡಿ, ನೋಡಿ. ಹಾಲ್‌ನಲ್ಲಿ ನಾಲ್ಕು ಹೆಜ್ಜೆ ನಡೆಸಿದರೆ ಎಂಥ ಕೋಲೂ ಪಾಸಾಗುತ್ತದೆ. ದಿನಾ ಹೋಗುವ ದಾರಿಯಲ್ಲೇ ಕರೆದುಕೊಂಡು ಹೋಗಲು ಹೇಳಿ: ಹೊಸಿಲು ದಾಟಿ, ಕಾವಿ ನೆಲದ ಮೇಲೆ, ತುಳಸಿ ಕಟ್ಟೆಯವರೆಗೆ. ಚಿಲಕ ತೆಗೆಯುವಾಗ ಕೋಲನ್ನು ಎಲ್ಲಿ ಇಡುತ್ತಾರೆ? ಅದು ಬಿದ್ದರೆ ಬಗ್ಗಿ ಎತ್ತಿಕೊಳ್ಳುವವರು ಯಾರು? ಸೆರಗು ಸರಿ ಮಾಡುವಾಗ? ದೇವರ ಮುಂದೆ ಎರಡೂ ಕೈ ಮುಗಿಯುವಾಗ? ನನಗೆ ಕಂಡ ಅರ್ಧಕ್ಕರ್ಧ ತೊಂದರೆಗಳು ನಡಿಗೆಯವಲ್ಲ, ಕೋಲನ್ನು ಪಕ್ಕಕ್ಕಿಡುವಾಗಿನವು. ನಡೆಸುವಾಗ ಅವರ ಬಲವಿಲ್ಲದ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನೀವಿರಿ. ಒದ್ದೆ ನೆಲದ ಪರೀಕ್ಷೆಯನ್ನು ಅವರ ಮೇಲೆ ಮಾಡಲೇಬೇಡಿ, ಅದನ್ನು ನೀವೇ ಮಾಡಿಕೊಂಡು ಬನ್ನಿ.

ಹಳೆಯ ಕೋಲು ಇದೆಯಾ ಅಂತಲೂ ಕೇಳಿ. 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡ ಕುಟುಂಬದವರಿಗೆ ಕೋಲು, ವಾಕರ್, ಶ್ರವಣ ಸಾಧನ ಎಲ್ಲ ಉಚಿತವಾಗಿ ಕೊಡುತ್ತಾರೆ, ಹಾಗಾಗಿ ಕೆಲವು ಮನೆಗಳ ಅಟ್ಟದ ಮೇಲೆ ಒಂದು ಇರಬಹುದು. ಅಟ್ಟಕ್ಕೆ ಯಾಕೆ ಹೋಯಿತು ಅನ್ನೋ ಕಥೆ ನಿಮ್ಮ ಇಡೀ ಪ್ರಶ್ನಾವಳಿಗಿಂತ ಜಾಸ್ತಿ ಹೇಳುತ್ತದೆ. ಹಿಡಿಗೆ ಹಳೆ ಸೀರೆಯ ತುಂಡು ಸುತ್ತಿದ್ದಾರಾ, ಸೈಕಲ್ ಟ್ಯೂಬು ಕಟ್ಟಿದ್ದಾರಾ ನೋಡಿ, ಫೋಟೋ ತೆಗೆಯಿರಿ. ಹೌದು, ಕೇಳಿಯೇ ತೆಗೆಯಿರಿ. ಮುಖ ಬೇಡ, ಕೈ ಸಾಕು.

ಸೊಸೆ ಅಥವಾ ಮಗ ಪಕ್ಕದಲ್ಲಿ ಕೂತರೆ ಉತ್ತರ ಅವರದ್ದೇ ಆಗುತ್ತದೆ. "ಇಲ್ಲ ಇಲ್ಲ, ಅಮ್ಮ ದಿನಾ ಬಳಸ್ತಾರೆ!" ಅವರ ಮಾತೂ ಬೇಕು, ಕೋಲು ತೊಳೆಯುವವರು ಅವರೇ ಅಲ್ವಾ, ಆದರೆ ಬೇರೆಯಾಗಿ ಕೇಳಿ. ಹೋಗುವ ಹೊತ್ತು ಬೆಳಗಿನ ಕಾಫಿಯ ನಂತರ ಇರಲಿ, ಊಟದ ಮೇಲೆ ಬೇಡ. ಅರ್ಧ ಗಂಟೆ ದಾಟಿಸಬೇಡಿ. ಕಿವಿ ಮಂದವಾದವರ ಹತ್ತಿರ ಕಿರುಚಬೇಡಿ, ಎದುರು ಕೂತು ನಿಧಾನವಾಗಿ, ದಪ್ಪ ದನಿಯಲ್ಲಿ ಮಾತಾಡಿ, ವಯಸ್ಸಾದಂತೆ ಮೊದಲು ಕೇಳದಾಗುವುದು ಕೀರಲು ದನಿಯೇ.

ಎಷ್ಟು ಜನ ಸಾಕು? ಐದು ಜನರ ಮೇಲೆ ಪರೀಕ್ಷೆ ಮಾಡಿದರೆ ಸುಮಾರು 85% ದೋಷ ಸಿಗುತ್ತದೆ ಅನ್ನೋ, ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಅವರ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅದು ಕಂಪ್ಯೂಟರ್ ಪರದೆಗಳ ಲೆಕ್ಕ. 62ರ ಮಂಡಿನೋವಿನವರೂ 85ರ ಕೈನಡುಕದವರೂ ಒಂದೇ ಗುಂಪಲ್ಲ, ಪ್ರತಿ ಬಗೆಗೆ ಮೂರ್ನಾಲ್ಕು ಜನ ನೋಡಿ. ಅಮೆರಿಕದ ವಿನ್ಯಾಸಗಾರ್ತಿ ಪ್ಯಾಟ್ರಿಷಿಯಾ ಮೂರ್ 1979ರಿಂದ ಮೂರು ವರ್ಷ ಮುದುಕಿಯ ವೇಷದಲ್ಲಿ ಊರೂರು ಸುತ್ತಿದ್ದರು. ನೀವೂ ಮಂಡಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಒಂದು ದಿನ ನಡೆದು ನೋಡಿ, ಒಳ್ಳೆಯದೇ. ಆದರೆ ಸಂಜೆ ಬಟ್ಟೆ ಬಿಚ್ಚಬಹುದು ಅಂತ ನಿಮಗೆ ಗೊತ್ತಿರುತ್ತದೆ.

ಬದಲಾಯಿಸಿದ ಕೋಲನ್ನು ಕೊಡುವಾಗ ಹಳೆಯ ಮಾದರಿಯನ್ನು ವಾಪಸ್ ತರಬೇಡಿ, ಜಾರುವ ದೋಷ ಇದ್ದರೆ ಮಾತ್ರ ತನ್ನಿ. ಎರಡಕ್ಕೂ ಹೊಸ ರಬ್ಬರ್ ಬುಡ ಹಾಕಿ ಮನೆಯಲ್ಲೇ ಬಿಡಿ. ತಿಂಗಳ ನಂತರ ಹೋಗಿ, ಏನನ್ನೂ ಕೇಳುವ ಮೊದಲು ಎರಡನ್ನೂ ತಲೆಕೆಳಗು ಮಾಡಿ, ಯಾವ ರಬ್ಬರ್ ಸವೆದಿದೆ ನೋಡಿ.