ಅಮಿತಾಭ ಕರೆಯಲು ಬರುವ ಚಿತ್ರ: ದುರ್ಗದಲ್ಲಿ ಕೂತು ಬರೆಯೋದು ಹೇಗೆ

ಜಪಾನಿನಲ್ಲಿ ರೈಗೋ ಅಂತ ಒಂದು ಬಗೆಯ ಚಿತ್ರ ಇದೆ. ಸಾಯುತ್ತಿರುವವರನ್ನು ಕರೆದುಕೊಂಡು ಹೋಗಲು ಅಮಿತಾಭ ಬುದ್ಧ ಪಶ್ಚಿಮದಲ್ಲಿರುವ ತನ್ನ ಸ್ವರ್ಗದಂಥ ಲೋಕ ಸುಖಾವತಿಯಿಂದ ಮೋಡದ ಮೇಲೆ ಇಳಿದು ಬರುತ್ತಾನೆ. ನಮ್ಮ ಕಥೆಗಳಲ್ಲಿ ಯಮದೂತರು ಪಾಶ ಹಿಡಿದು ಬಂದರೆ ಇಲ್ಲಿ ಬೋಧಿಸತ್ವರು (ಬುದ್ಧತ್ವದ ಹಾದಿಯಲ್ಲಿದ್ದು ಬೇರೆಯವರಿಗೆ ನೆರವಾಗುವವರು) ವಾದ್ಯ ನುಡಿಸುತ್ತಾ ಬರುತ್ತಾರೆ! ಚಿತ್ರದುರ್ಗ, ದಾವಣಗೆರೆ ಕಡೆ ಚಿತ್ರಕಲೆ ಕಲಿಯುತ್ತಿರುವವರು ಒಮ್ಮೆ ಬರೆದು ನೋಡಿ.

ಮೂಲ ಚಿತ್ರಗಳು ಹೆಚ್ಚಾಗಿ ರೇಷ್ಮೆ ಮೇಲಿವೆ. ಮೊಳಕಾಲ್ಮೂರು ಇಲ್ಲೇ ಇದೆ ಅಂತ ಸೀರೆ ತರಬೇಡಿ, ಜರಿ ಇಲ್ಲದ ತೆಳು ಬಿಳಿ ರೇಷ್ಮೆ ಸಾಕು. ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಸರೇಸಿನ (ಪ್ರಾಣಿಜನ್ಯ ಅಂಟಿನ) ನೀರಿಗೆ ಚೂರು ಪಟಿಕ ಹಾಕಿ ಹಚ್ಚಿ. ಇಲ್ಲಾಂದ್ರೆ ಬಣ್ಣ ಹರಡಿಬಿಡುತ್ತದೆ. ರೇಷ್ಮೆ ಸಿಗದಿದ್ದರೆ ಹಲಗೆಯೂ ಆಗುತ್ತದೆ. ಜಪಾನಿನ ಬ್ಯೋದೊಯಿನ್ ಮಠದ 1053ರ ಮಂದಿರದಲ್ಲಿ ಬಾಗಿಲುಗಳ ಮೇಲೇ ಬರೆದಿದ್ದಾರೆ.

ಮುಖ ಬರೆಯಲು ಅವಸರ ಮಾಡಬೇಡಿ, ಮೊದಲು ಓರೆ ಗೆರೆ ಎಳೆಯಿರಿ. ಕ್ಯೋಟೋದ ಚಿಯೋನ್-ಇನ್ ಮಠದ ಚಿತ್ರದಲ್ಲಿ ಅಮಿತಾಭ ಮತ್ತು 25 ಬೋಧಿಸತ್ವರು ಎಡಗಡೆ ಮೇಲಿನಿಂದ ಬಲಗಡೆ ಕೆಳಮೂಲೆಯ ಮನೆಯತ್ತ ಸರ್ರನೆ ಇಳಿಯುತ್ತಾರೆ. ಮೋಡದ ಮುಂಭಾಗ ಗುಪ್ಪೆಯಾಗಿರಲಿ, ಹಿಂದೆ ಉದ್ದ ತೆಳು ಬಾಲ ಬಿಡಿ. ಆ ಬಾಲದಿಂದಲೇ ವೇಗ ಬರೋದು, ಅಲ್ವಾ?

25 ಜನರನ್ನು ಬರೆಯುವುದು ಕಷ್ಟ, ಮೂವರೇ ಸಾಕು: ಅಮಿತಾಭ, ಜೊತೆಗೆ ಮಹಾಸ್ಥಾಮಪ್ರಾಪ್ತ, ಅವಲೋಕಿತೇಶ್ವರ ಎಂಬ ಇಬ್ಬರು ಬೋಧಿಸತ್ವರು. ಅಮಿತಾಭನ ಬಲಗೈ ಮೇಲೆ, ಎಡಗೈ ಕೆಳಗೆ, ಎರಡರಲ್ಲೂ ಹೆಬ್ಬೆರಳು ತೋರುಬೆರಳಿಗೆ ತಾಗಿರಬೇಕು. ಮಹಾಸ್ಥಾಮಪ್ರಾಪ್ತ ಕೈ ಮುಗಿದಿರುತ್ತಾನೆ. ನನ್ನ ಪ್ರಕಾರ ಇಡೀ ಚಿತ್ರದ ಜೀವ ಅವಲೋಕಿತೇಶ್ವರ. ಅವನು ಎಲ್ಲರಿಗಿಂತ ಮುಂದೆ, ಸ್ವಲ್ಪ ಬಗ್ಗಿ, ಎರಡೂ ಕೈಯಲ್ಲಿ ತಾವರೆ ಪೀಠ ಹಿಡಿದಿರುತ್ತಾನೆ. ಪೀಠ ಖಾಲಿ ಇರಲಿ. ಸಾಯುವವರು ಕೂರಬೇಕಾದ ಜಾಗ ಅದು, ಚೆನ್ನಾಗಿ ಕಾಣಲಿ ಅಂತ ಸುಮ್ನೆ ಹೂವು ತುಂಬಬೇಡಿ.

ಚಿನ್ನದ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು. ಜಪಾನಿನವರು ಚಿನ್ನದ ರೇಕುಗಳನ್ನು ಕಾಯಿಸಿ ಒಂದರ ಮೇಲೊಂದು ಕೂಡಿಸಿ, ಬಿದಿರಿನ ಚಾಕುವಿನಿಂದ ಕೂದಲೆಳೆಯಷ್ಟು ಸಣ್ಣಗೆ ಕತ್ತರಿಸಿ ಬಟ್ಟೆಯ ಮಡಿಕೆಗಳ ಮೇಲೆ ಅಂಟಿಸುತ್ತಿದ್ದರು. ಹೊಸಬರು ಚಿನ್ನದ ಬಣ್ಣ, ಸಣ್ಣ ಬ್ರಷ್ ಬಳಸಿ. ರೇಕನ್ನೇ ಹಚ್ಚುತ್ತೀರಾ? ಮೊದಲು ಫ್ಯಾನ್ ಆಫ್ ಮಾಡಿ.

ಗುಡ್ಡದ ಹಿಂದಿನಿಂದ ಅಮಿತಾಭ ಎದೆಮಟ್ಟ ಕಾಣುವ ಇನ್ನೊಂದು ಬಗೆಯೂ ಇದೆ. ಅಂಥದ್ದೊಂದರಲ್ಲಿ ಅವನ ಕೈಗೆ ಐದು ಬಣ್ಣದ ನಿಜವಾದ ದಾರ ಕಟ್ಟಿತ್ತು, ಸಾಯುವವರು ಅದರ ಇನ್ನೊಂದು ತುದಿ ಹಿಡಿಯುತ್ತಿದ್ದರು. ಈ ಬಗೆಗೆ ನಮ್ಮ ದುರ್ಗದ ಬಂಡೆಗುಡ್ಡ ಚೆನ್ನಾಗಿ ಹೊಂದುತ್ತದೆ.

ಒಣಗಿದ ಮೇಲೆ ಪಶ್ಚಿಮದ ಗೋಡೆಗೆ ಹಾಕಿ. ನೇರ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ರೇಷ್ಮೆ ಹಳದಿ ತಿರುಗುತ್ತದೆ.