ಬ್ರೇಕ್ ಹಾಕಿದ ಕಾರು ಎಲ್ಲಿ ನಿಲ್ಲುತ್ತದೆ? ಚಲನೆಯ ಲೆಕ್ಕ ಬಿಡಿಸುವ ಬಗೆ

ಚಲನೆಯ ಲೆಕ್ಕ ಕಂಡೊಡನೆ ಸೂತ್ರ ಹುಡುಕಲು ಹೊರಡಬೇಡಿ. ಮೊದಲು ಒಂದು ಗೆರೆ ಎಳೆದು, ವಸ್ತು ಹೊರಡುವ ಜಾಗವನ್ನು ಸೊನ್ನೆ ಎಂದು ಗುರುತಿಸಿ, ಧನ ದಿಕ್ಕು ಯಾವುದೆಂದು ಬಾಣ ಹಾಕಿ. ಬಾಣ ಯಾವ ಕಡೆಗಿದ್ದರೂ ಸರಿಯೇ, ಲೆಕ್ಕ ಮುಗಿಯುವವರೆಗೆ ಅದನ್ನು ತಿರುಗಿಸುವಂತಿಲ್ಲ.

ಬಳಿಕ ಐದು ರಾಶಿಗಳನ್ನು ಬರೆದುಕೊಳ್ಳಿ: ಆರಂಭಿಕ ವೇಗ, ಅಂತಿಮ ವೇಗ, ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು), ಕಾಲ, ಸ್ಥಾನಪಲ್ಲಟ (ಹೊರಟ ಜಾಗದಿಂದ ಯಾವ ದಿಕ್ಕಿಗೆ ಎಷ್ಟು ದೂರದಲ್ಲಿದೆ ಎಂಬುದು). ಮೂರು ಗೊತ್ತಿದ್ದರೆ ಉಳಿದೆರಡು ಸಿಗುತ್ತವೆ. ‘ನಿಶ್ಚಲ ಸ್ಥಿತಿಯಿಂದ ಹೊರಟಿತು’ ಎಂದರೆ ಆರಂಭಿಕ ವೇಗ ಸೊನ್ನೆ, ‘ನಿಂತಿತು’ ಎಂದರೆ ಅಂತಿಮ ವೇಗ ಸೊನ್ನೆ. ಪ್ರಶ್ನೆ ಬರೆಯುವವರು ಅಂಕಿಗಳನ್ನು ಹೀಗೆ ಮಾತಿನಲ್ಲಿ ಬಚ್ಚಿಡುತ್ತಾರೆ.

ಇನ್ನು ಸೂತ್ರ. ಕೊಟ್ಟೂ ಇಲ್ಲದ, ಕೇಳಿಯೂ ಇಲ್ಲದ ರಾಶಿ ಯಾವುದೆಂದು ನೋಡಿ, ಅದಿಲ್ಲದ ಸಮೀಕರಣವನ್ನು ಆರಿಸಿ. ಕಾಲದ ಗೊಡವೆಯೇ ಇಲ್ಲದಿದ್ದರೆ ಇದು:

ಅಂತಿಮ ವೇಗ² = ಆರಂಭಿಕ ವೇಗ² + 2 × ವೇಗೋತ್ಕರ್ಷ × ಸ್ಥಾನಪಲ್ಲಟ

ಗಂಟೆಗೆ 72 ಕಿ.ಮೀ. ವೇಗದಲ್ಲಿ ಕಾರೊಂದು ಹೋಗುತ್ತಿದೆ. 3.6ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರ್. ಅಡ್ಡಿ ಕಂಡ ಚಾಲಕನ ಕಾಲು ಬ್ರೇಕಿಗೆ ಹೋಗಲು ಅರ್ಧ ಸೆಕೆಂಡ್ ಬೇಕು. ಆಮೇಲಿನ ವೇಗೋತ್ಕರ್ಷ −5 ಮೀ/ಸೆ². ವೇಗೋತ್ಕರ್ಷ ಬದಲಾದಲ್ಲೇ ಲೆಕ್ಕವನ್ನು ಎರಡು ತುಂಡು ಮಾಡಬೇಕು, ಏಕೆಂದರೆ ಈ ಸಮೀಕರಣಗಳು ಅದು ಸ್ಥಿರವಾಗಿರುವವರೆಗೆ ಮಾತ್ರ ನಡೆಯುತ್ತವೆ. ಮೊದಲ ಅರ್ಧ ಸೆಕೆಂಡಿಗೆ 10 ಮೀಟರ್. ಬ್ರೇಕ್ ಹಿಡಿದ ಮೇಲೆ 0 = 400 − 10 × ಸ್ಥಾನಪಲ್ಲಟ, ಅಂದರೆ 40 ಮೀಟರ್. ಒಟ್ಟು 50. ವೇಗ ಇಮ್ಮಡಿಯಾದರೆ ಆ 40 ಮೀಟರ್ 160 ಆಗುತ್ತದೆ, ವರ್ಗದ ಮಹಿಮೆ!

ಈಗ ಒಂದು ಬಲೆ. ಬ್ರೇಕ್ ಹಿಡಿದ 6 ಸೆಕೆಂಡಿನಲ್ಲಿ ಕಾರು ಎಷ್ಟು ದೂರ ಹೋಗುತ್ತದೆ? ಕಾಲದ ವರ್ಗವಿರುವ ಸಮೀಕರಣಕ್ಕೆ (ಸ್ಥಾನಪಲ್ಲಟ = ಆರಂಭಿಕ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ²) ಅಂಕಿ ಹಾಕಿದರೆ 20 × 6 − ½ × 5 × 36 = 30 ಮೀಟರ್. ನಿಲ್ಲಲು 40 ಮೀಟರ್ ಬೇಕಾದ ಕಾರು 30ಕ್ಕೆ ಬಂದದ್ದು ಹೇಗೆ? ಅದು 4ನೇ ಸೆಕೆಂಡಿಗೇ ನಿಂತಿದೆ. ಸಮೀಕರಣಕ್ಕೆ ಬ್ರೇಕ್ ಎಂದರೇನೆಂದು ತಿಳಿಯದು. ಉಳಿದೆರಡು ಸೆಕೆಂಡು ಕಾರನ್ನು ಹಿಂದಕ್ಕೆ ಓಡಿಸಿ 10 ಮೀಟರ್ ಕಳೆದಿದೆ. ಸರಿಯುತ್ತರ 40. ಬ್ರೇಕಿನ ಲೆಕ್ಕದಲ್ಲಿ ನಿಲ್ಲುವ ಕಾಲವನ್ನು ಮೊದಲೇ ಕಂಡುಕೊಳ್ಳಿ.

ಮೇಲಕ್ಕೆಸೆದ ಚೆಂಡು ಮಾತ್ರ ನಿಜವಾಗಿಯೂ ಹಿಂದಿರುಗುತ್ತದೆ. ಮೇಲ್ಮುಖ ಧನವಾದರೆ ಅದರ ವೇಗೋತ್ಕರ್ಷ ಏರುವಾಗಲೂ ಇಳಿಯುವಾಗಲೂ, ವೇಗ ಸೊನ್ನೆಯಾಗುವ ತುದಿಯಲ್ಲೂ −9.8 ಮೀ/ಸೆ². ಅದನ್ನು −10 ಎಂದಿಟ್ಟುಕೊಂಡು, 20 ಮೀಟರ್ ಎತ್ತರದ ಮಾಳಿಗೆಯಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಮೇಲಕ್ಕೆಸೆಯಿರಿ. ನೆಲ ಮುಟ್ಟುವ ಹೊತ್ತಿಗೆ ಸ್ಥಾನಪಲ್ಲಟ −20: −20 = 15 × ಕಾಲ − 5 × ಕಾಲ². ಉತ್ತರ ಎರಡು, 4 ಮತ್ತು −1. ನಮಗೆ ಬೇಕಾದದ್ದು 4 ಸೆಕೆಂಡ್. −1 ಕೂಡ ಅರ್ಥವಿಲ್ಲದ್ದಲ್ಲ: ಇದೇ ಚೆಂಡನ್ನು ನೆಲದಿಂದ ಎಸೆದಿದ್ದರೆ, ಒಂದು ಸೆಕೆಂಡ್ ಮುಂಚೆ, ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಎಸೆದಿರಬೇಕಿತ್ತು.